ಚಳಿಗಾಲದ ಬೇಟೆ ಬಿಡಾರಕ್ಕೆ ಎಂಥ ಸೌದೆ ಒಲೆ ತಕ್ಕದ್ದು?

ಪ್ರಶ್ನೆ

ನಾವು ನಾಲ್ವರು ಗೆಳೆಯರು ಪ್ರತಿ ಚಳಿಗಾಲದಲ್ಲಿ ಪರವಾನಗಿ ಪಡೆದು ಒಂದು ವಾರದ ಮಟ್ಟಿಗೆ ಜಿಂಕೆಯ ಬೇಟೆಗೆ ಹೋಗುತ್ತೇವೆ. ಇದುವರೆಗೆ ಮರದ ಮನೆಯೊಂದರಲ್ಲಿ ಉಳಿಯುತ್ತಿದ್ದೆವು. ಈ ಬಾರಿ 3.5 ಮೀಟರ್ ಅಗಲ, 4 ಮೀಟರ್ ಉದ್ದದ ದಪ್ಪ ಹತ್ತಿ ಕ್ಯಾನ್ವಾಸಿನ ಡೇರೆಯನ್ನು ಕೊಂಡಿದ್ದೇವೆ. ರಾತ್ರಿಯಲ್ಲಿ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿ ಸಾಮಾನ್ಯ. ಗಾಡಿ ಡೇರೆಯ ಹತ್ತಿರದವರೆಗೂ ಹೋಗುತ್ತದೆ. ಕಬ್ಬಿಣದ ತಗಡು, ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ ಎಂದು ಮೂರು ಬಗೆಯ ಒಲೆಗಳು ಕಾಣಿಸುತ್ತಿವೆ. ಯಾವುದನ್ನು ಆರಿಸಬೇಕು? ಬೆಳಗಿನವರೆಗೂ ಆರದೆ ಉರಿಯುವ ಒಲೆ ಇದೆಯೇ? ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಗಾಡಿ ಡೇರೆಯ ಹತ್ತಿರಕ್ಕೇ ಬರುವುದಾದರೆ ನಿಮ್ಮ ಆಯ್ಕೆಯ ಅರ್ಧ ಅಲ್ಲಿಗೇ ತೀರ್ಮಾನವಾಯಿತು. ಟೈಟಾನಿಯಂ ಒಲೆಯನ್ನು ಬೆನ್ನ ಮೇಲೆ ಹೊರೆ ಹೊತ್ತು ನಡೆಯುವವರಿಗೆ ಬಿಟ್ಟುಬಿಡಿ. ಆ ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ, ಉಕ್ಕಿನದು ಸುಮಾರು 7.85 ಗ್ರಾಂ, ಸಾಲದ್ದಕ್ಕೆ ಅದರ ತಗಡನ್ನೂ ಬಹಳ ತೆಳುವಾಗಿ ಬಳಸುವುದರಿಂದ ಒಲೆ ತೀರ ಹಗುರವಾಗುತ್ತದೆ. ಆದರೆ ಆ ತೆಳುತನವೇ ಅದರ ಕೊರತೆಯೂ ಹೌದು. ಬೇಗ ಕಾಯುತ್ತದೆ, ಉರಿ ತಗ್ಗಿದ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ, ಕಾವಿಗೆ ತಗಡು ಸೊಟ್ಟಗಾಗುತ್ತದೆ. ಹೊತ್ತು ನಡೆಯುತ್ತಿದ್ದ ವರ್ಷಗಳಲ್ಲಿ ಅಂಥ ಒಲೆಯನ್ನೇ ಬಳಸಿದ್ದೇನೆ, ಅದರ ಉಪಕಾರವನ್ನು ಮರೆತಿಲ್ಲ. ಆದರೂ ನಾಲ್ವರು ಒಂದು ವಾರ ತಂಗುವ ಕ್ಯಾನ್ವಾಸ್ ಡೇರೆಗೆ ಅದು ಸಲ್ಲುವುದಿಲ್ಲ.

ನಿಮಗೆ ಬೇಕಾದದ್ದು ದಪ್ಪ ಉಕ್ಕಿನ, ಕೀಲುಗಳೆಲ್ಲ ಬೆಸುಗೆಯಿಂದ ಕೂಡಿಸಿದ, ಬಾಗಿಲು ಬಿಗಿಯಾಗಿ ಕೂರುವ ಒಲೆ. ಈ ಕೊನೆಯ ಗುಣವನ್ನೇ ನಾನು ಎಲ್ಲಕ್ಕಿಂತ ಮೇಲಾಗಿ ಎಣಿಸುತ್ತೇನೆ. ಬಾಗಿಲಿನ ಸಂದಿಯಿಂದ ಗಾಳಿ ಮನಬಂದಂತೆ ನುಗ್ಗುವ ಒಲೆಯಲ್ಲಿ ಉರಿಯನ್ನು ಹದಕ್ಕೆ ತರಲಾಗದು. ತುಂಬಿದ ಸೌದೆ ಒಂದು ಗಂಟೆಯೊಳಗೆ ಬೂದಿಯಾಗುತ್ತದೆ, ಅದರ ಕಾವೆಲ್ಲ ಕೊಳವೆಯ ಮೂಲಕ ಆಕಾಶಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಒಲೆಯನ್ನು ನೋಡುವಾಗ ಬಾಗಿಲಿನ ಅಂಚಿಗೆ ಒಂದು ಕಾಗದದ ಚೂರನ್ನಿಟ್ಟು ಮುಚ್ಚಿ, ಎಳೆದು ನೋಡಿ. ಸುತ್ತಲೂ ಎಲ್ಲಿಯೂ ಸಲೀಸಾಗಿ ಜಾರಿ ಬರಬಾರದು. ಒಲೆಯ ಒಳಗೆ, ಕೊಳವೆಯ ಬಾಯಿಗಿಂತ ಕೆಳಗೆ, ಜ್ವಾಲೆಯನ್ನು ತಡೆದು ತಿರುಗಿಸುವ ಒಂದು ಅಡ್ಡ ತಗಡು ಇದೆಯೇ ಎಂಬುದನ್ನೂ ಪರೀಕ್ಷಿಸಿ. ಅದಿಲ್ಲದಿದ್ದರೆ ಜ್ವಾಲೆ ನೇರವಾಗಿ ಕೊಳವೆಗೆ ಏರುತ್ತದೆ. ಕೊಳವೆ ಕೆಂಪಗೆ ಕಾಯುತ್ತದೆ, ಡೇರೆ ಮಾತ್ರ ತಣ್ಣಗೇ ಉಳಿಯುತ್ತದೆ.

ಗಾತ್ರದ ವಿಷಯದಲ್ಲಿ ಒಂದು ಮಾತು. ಒಲೆಯ ಒಳಗಿನ ಉದ್ದವೇ ನೀವು ಪ್ರತಿದಿನ ಸೌದೆಯನ್ನು ಎಷ್ಟು ಚಿಕ್ಕದಾಗಿ ಕತ್ತರಿಸಬೇಕೆಂಬುದನ್ನು ನಿರ್ಧರಿಸುತ್ತದೆ. 30 ಸೆಂಟಿಮೀಟರಿನ ಒಲೆಯನ್ನು ತಂದವರು ದಿನವಿಡೀ ಬೇಟೆಯಲ್ಲಿ ದಣಿದು ಬಂದು, ಕತ್ತಲಲ್ಲಿ ಗರಗಸ ಹಿಡಿದು ನಿಂತಿರುವುದನ್ನು ಕಂಡಿದ್ದೇನೆ. ನಿಮ್ಮ ಡೇರೆಗೆ 50ರಿಂದ 60 ಸೆಂಟಿಮೀಟರ್ ಉದ್ದದ ಸೌದೆ ಹಿಡಿಯುವ ಒಲೆ ಯೋಗ್ಯವೆಂದು ನನ್ನ ಅಭಿಪ್ರಾಯ. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದಿಲ್ಲವೆಂಬುದು ನಿಜ. ಆದರೆ ವರ್ಷಕ್ಕೊಂದು ವಾರ ಬಳಸಿ, ಬೂದಿ ತೆಗೆದು ಒರೆಸಿ, ಎಣ್ಣೆ ಸವರಿ ಒಣ ಜಾಗದಲ್ಲಿಟ್ಟರೆ ಸಾಮಾನ್ಯ ಉಕ್ಕಿನ ಒಲೆಯೂ ದೀರ್ಘಕಾಲ ಬಾಳುತ್ತದೆ.

ಎರಡನೆಯ ಉತ್ತರ

ಮೇಲಿನವರು ಒಲೆಯ ಬಗ್ಗೆ ಹೇಳಿದ್ದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಕೆಟ್ಟ ಕೊಳವೆ ಒಳ್ಳೆಯ ಒಲೆಯನ್ನೂ ಕೆಡಿಸುತ್ತದೆ. ಒಲೆಯ ಜೊತೆಗೆ ಬಂದ ಕೊಳವೆ ಡೇರೆಯ ನೆತ್ತಿಗಿಂತ ಮೇಲಕ್ಕೆ ಏರದಿದ್ದರೆ ಇನ್ನೊಂದು ತುಂಡನ್ನು ಸೇರಿಸಿಕೊಳ್ಳಿ. ಕೊಳವೆ ಗಿಡ್ಡವಾದರೆ ಸೆಳೆತ ಸಾಲದು, ಗಾಳಿ ಬೀಸಿದಾಗ ಹೊಗೆ ಒಳಗೇ ತಿರುಗುತ್ತದೆ, ಕಿಡಿಗಳು ಕ್ಯಾನ್ವಾಸಿನ ಮೇಲೆ ಬೀಳುತ್ತವೆ. ತುದಿಗೆ ಕಿಡಿ ತಡೆಯುವ ಜಾಲರಿ ಇರಲೇಬೇಕು. ಅದು ಮಸಿಯಿಂದ ಮುಚ್ಚಿಕೊಳ್ಳುತ್ತದಾದ್ದರಿಂದ, ಪ್ರತಿದಿನ ಬೆಳಿಗ್ಗೆ ಒಲೆ ತಣ್ಣಗಿರುವಾಗ ತಟ್ಟಿ ಉದುರಿಸಿರಿ.

ತುಂಡುಗಳನ್ನು ಜೋಡಿಸುವಾಗ ಸುಕ್ಕುಗಟ್ಟಿದ ಕಿರಿದಾದ ತುದಿ ಕೆಳಮುಖವಾಗಿರಲಿ. ಹೊಗೆ ಮೇಲಕ್ಕೆ ಹೋಗುವುದರಿಂದ ಇದು ತಲೆಕೆಳಗೆಂದು ಹಲವರಿಗೆ ತೋರುತ್ತದೆ. ಆದರೆ ತಂಪಾದ ಕೊಳವೆಯೊಳಗೆ ಹೊಗೆ ಹೆಪ್ಪುಗಟ್ಟಿ ಇಳಿಯುವ ಕಪ್ಪು ಜಿಗುಟು, ಈ ರೀತಿ ಜೋಡಿಸಿದಾಗ ಮಾತ್ರ ಹೊರಗೆ ಸೋರದೆ ಮರಳಿ ಒಲೆಗೇ ಬೀಳುತ್ತದೆ. ಸತುವಿನ ಲೇಪವಿರುವ ಜಿ.ಐ. ಕೊಳವೆ ಅಗ್ಗವೆಂದು ಕೊಳ್ಳಬೇಡಿ. ಸತು 420 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಲೇಪ ವಿಪರೀತ ಕಾದಾಗ ಏಳುವ ಹೊಗೆಯನ್ನು ಉಸಿರಾಡಿದರೆ ಜ್ವರ, ಮೈನಡುಕ ಬರುತ್ತವೆ.

ಆ ಜಿಗುಟಿಗೆ ಮೂಲ ಕಾರಣ ಹಸಿ ಸೌದೆ. ಆಗಷ್ಟೇ ಕಡಿದ ಎಷ್ಟೋ ಮರಗಳಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2.26 ಮೆಗಾಜೂಲ್ ಶಾಖ ಬೇಕು, ಅದೆಲ್ಲ ನಿಮ್ಮ ಡೇರೆಗೆ ಬರಬೇಕಾಗಿದ್ದ ಕಾವು. ತೇವಾಂಶ ಶೇ. 20ಕ್ಕಿಂತ ಕಡಿಮೆಯಿರುವ, ಸೀಳಿ ಒಣಗಿಸಿದ ಸೌದೆಯನ್ನು ಮೊದಲ ಎರಡು ದಿನಗಳಿಗಾದರೂ ಗಾಡಿಯಲ್ಲಿ ತುಂಬಿಕೊಂಡು ಹೋಗಿ, ಪುಳ್ಳೆಗಳನ್ನು ಬೇರೆ ಚೀಲದಲ್ಲಿಡಿ.

ಮೂರನೆಯ ಉತ್ತರ

ನಿಮ್ಮ ಕೊನೆಯ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲ, ನನ್ನ ಮನಸ್ಸು ಅಲ್ಲಿಯೇ ನಿಂತಿದೆ. ದೊಡ್ಡ, ಬಿಗಿಯಾದ ಒಲೆಯಲ್ಲಿ ಗಟ್ಟಿ ಸೌದೆ ತುಂಬಿದರೆ ಕೆಂಡ ಐದಾರು ಗಂಟೆ ಉಳಿಯಬಹುದು. ಆದರೆ ಬೆಳಗಿನವರೆಗೂ ಉರಿಸಬೇಕೆಂಬ ಹಟದಿಂದಲೇ ನಾವು ಒಮ್ಮೆ ಅಪಾಯಕ್ಕೆ ಸಿಕ್ಕಿಕೊಂಡೆವು. ಸೌದೆ ಹೆಚ್ಚು ಹೊತ್ತು ಬರಲೆಂದು ಒಲೆಯ ಗಾಳಿಕಿಂಡಿಯನ್ನೂ ಕೊಳವೆಯ ಡ್ಯಾಂಪರನ್ನೂ (ಸೆಳೆತ ತಗ್ಗಿಸಲು ಕೊಳವೆಯೊಳಗೆ ತಿರುಗಿಸುವ ಬಿಲ್ಲೆ) ಪೂರ್ತಿ ಮುಚ್ಚಿ ಮಲಗಿದ್ದೆವು. ಚಳಿಗಾಳಿ ಬರುತ್ತದೆಂದು ಡೇರೆಯ ಬುಡಕ್ಕೆಲ್ಲ ಹಿಮ ಒತ್ತಿದ್ದೆವು. ನಡುರಾತ್ರಿ ಜೊತೆಗಾರರೊಬ್ಬರು ವಾಂತಿ ಮಾಡಿಕೊಂಡದ್ದರಿಂದ ನನಗೆ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ತೆವಳಿಕೊಂಡು ಹೋಗಿ ಬಾಗಿಲು ತೆರೆದೆವು.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಸಾಲದೆ ಕೆಂಡ ಒಳಗೊಳಗೇ ಕನಲುವಾಗ ಅದು ಹೆಚ್ಚು ಹುಟ್ಟುತ್ತದೆ. ಅದೇ ಹೊತ್ತಿಗೆ ಕೊಳವೆ ತಣ್ಣಗಾಗಿ ಸೆಳೆತವೂ ಕುಂದಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಒಲೆಗಿಂತ ಮೊದಲೇ ಕೊಳ್ಳಿ. ಚಳಿಯಲ್ಲಿ ಬ್ಯಾಟರಿ ಕುಗ್ಗುವುದರಿಂದ ಹೊಸ ಬ್ಯಾಟರಿಯನ್ನೂ ಜೊತೆಗಿಡಿ. ಡೇರೆಯಲ್ಲಿ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಸದಾ ತೆರೆದಿರಲಿ. ಕೊಳ್ಳುವ ಡ್ಯಾಂಪರ್ ಕೊಳವೆಯನ್ನು ಪೂರ್ತಿ ಮುಚ್ಚದೆ, ನಡುವೆ ತೂತಿರುವಂಥದ್ದಾಗಿರಲಿ.

ಆ ರಾತ್ರಿಯ ನಂತರ ನಮ್ಮ ಕ್ರಮ ಬದಲಾಯಿತು. ಒಲೆ ಸಂಜೆಗೆ ಮತ್ತು ಮುಂಜಾನೆಗೆ. ರಾತ್ರಿಗೆ ಸ್ಲೀಪಿಂಗ್ ಬ್ಯಾಗ್. ಒಲೆಯೇ ಇಲ್ಲವೆಂದು ಭಾವಿಸಿ, ಆ ಚಳಿಯನ್ನು ತಾನೇ ತಡೆಯಬಲ್ಲ ಸ್ಲೀಪಿಂಗ್ ಬ್ಯಾಗಿಗೆ ನಿಮ್ಮ ಹಣದ ದೊಡ್ಡ ಪಾಲನ್ನು ಕೊಡಿ. ರಾತ್ರಿಯಲ್ಲೂ ಒಲೆ ಬೇಕೇಬೇಕೆಂದರೆ ಒಬ್ಬರು ಎಚ್ಚರವಿರಬೇಕು. ಫಿನ್‌ಲ್ಯಾಂಡಿನ ಸೇನೆಯ ಡೇರೆಗಳಲ್ಲಿ ಸೈನಿಕರು ಸರದಿಯ ಪ್ರಕಾರ ರಾತ್ರಿಯಿಡೀ ಒಲೆ ಕಾಯುವ ರೂಢಿಯಿದೆ. ನಾಲ್ವರಿದ್ದೀರಿ, ತಲಾ ಎರಡು ಗಂಟೆ ಕಾದರೆ ಸಾಕು.

ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಲಾರಂ ಇಂದೇ ತರುತ್ತೇವೆ. ಇಷ್ಟೆಲ್ಲ ಜಾಗ್ರತೆ ಬೇಕಾದರೆ ಗ್ಯಾಸ್ ಹೀಟರೇ ಸುಲಭವಲ್ಲವೇ ಎಂದು ಒಬ್ಬ ಗೆಳೆಯ ಕೇಳುತ್ತಿದ್ದಾನೆ. ಹಿಮದ ಮೇಲೆ ಒಲೆಯನ್ನು ಹೇಗೆ ನಿಲ್ಲಿಸುತ್ತೀರಿ?

ಮೊದಲ ಉತ್ತರ ಬರೆದವರಿಂದ

ಕೊಳವೆಯಿಲ್ಲದ ಗ್ಯಾಸ್ ಹೀಟರಿನಲ್ಲಿ ಕಾರ್ಬನ್ ಮಾನಾಕ್ಸೈಡಿನ ಭಯ ತಪ್ಪುವುದಿಲ್ಲ. ಜೊತೆಗೆ ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟಿ ಡೇರೆಯೊಳಗೇ ಉಳಿಯುತ್ತದೆ. ಬೆಳಿಗ್ಗೆ ಕ್ಯಾನ್ವಾಸಿನ ಒಳಮೈಯೆಲ್ಲ ಮಂಜುಗಡ್ಡೆಯಾಗಿರುತ್ತದೆ. ಸೌದೆ ಒಲೆಯ ಆವಿ ಕೊಳವೆಯಿಂದ ಹೊರಗೆ ಹೋಗುವುದರಿಂದ ನೆನೆದ ಬಟ್ಟೆ, ಬೂಟು ಒಣಗುತ್ತವೆ. ವಾರವಿಡೀ ಇರುವವರಿಗೆ ಇದು ದೊಡ್ಡ ಅನುಕೂಲ.

ಒಲೆಯನ್ನು ಹಿಮದ ಮೇಲೆ ನೇರವಾಗಿ ಇಡಬೇಡಿ. ಕಾವಿಗೆ ಹಿಮ ಕರಗಿ, ಒಂದು ಕಾಲು ಕುಸಿದು, ಉರಿಯುವ ಒಲೆಯೇ ವಾಲುತ್ತದೆ. ನೆಲ ಸಿಗುವವರೆಗೂ ಹಿಮ ಸರಿಸಿ. ಆಗದಿದ್ದರೆ ದಪ್ಪ ಹಸಿ ದಿಮ್ಮಿಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೊಂದು ತಗಡು ಹಾಸಿ ಒಲೆಯನ್ನು ನಿಲ್ಲಿಸಿ. ಕೊಳವೆ ಹಾಯುವ ತೂತಿಗೆ ಬೆಂಕಿ ತಡೆಯುವ ಬಟ್ಟೆಯ ಪಟ್ಟಿ ಇದೆಯೇ, ಅದರ ಅಳತೆ ಕೊಳವೆಗೆ ಹೊಂದುತ್ತದೆಯೇ ಎಂಬುದನ್ನು ಒಲೆ ಕೊಳ್ಳುವ ಮುನ್ನವೇ ನೋಡಿಕೊಳ್ಳಿ. ಹೊಸ ಒಲೆಯನ್ನು ಮೊದಲ ಸಲ ಬಯಲಿನಲ್ಲಿ ಎರಡು ಗಂಟೆ ಜೋರಾಗಿ ಉರಿಸಿ. ಬಣ್ಣ, ಎಣ್ಣೆಗಳ ಹೊಗೆ ಅಲ್ಲಿಯೇ ಹೋಗಲಿ. ಕೊಳವೆಯ ಯಾವ ತುಂಡು ಯಾವುದಕ್ಕೆ ಸೇರುತ್ತದೆಂಬುದು ಕೈಗೆ ರೂಢಿಯಾದ ಮೇಲೆ ಬಿಡಾರಕ್ಕೆ ಒಯ್ಯಿರಿ.