ಈ ವಾರದ ಸಮಸ್ಯೆ: ‘ಹಡಗನು ಕಂಡವನಡಗಿದನು’

ಗೆಳೆಯರೇ, ಇದು ಶರ ಷಟ್ಪದಿ ಎಂಬ ಆರು ಸಾಲಿನ ಪದ್ಯದ ಕೊನೆಯ ಸಾಲು. ಮೇಲಿನ ಐದು ಸಾಲು ನೀವು ತುಂಬಬೇಕು. ವಸ್ತು ಅಲೆಕ್ಸಾಂಡರ್ ಸೆಲ್ಕರ್ಕ್, ಸ್ಕಾಟ್ಲೆಂಡಿನ ನಾವಿಕ. 1704ರಲ್ಲಿ ಚಿಲಿ ತೀರದಿಂದ ಸುಮಾರು 670 ಕಿ.ಮೀ. ದೂರದ ಹುವಾನ್ ಫರ್ನಾಂಡೆಸ್ ದ್ವೀಪದಲ್ಲಿ ಒಬ್ಬನೇ ಉಳಿದ. 4 ವರ್ಷ 4 ತಿಂಗಳು! ಅಂಥವನು ಹಡಗು ಕಂಡರೆ ಓಡಿ ಬರಬೇಕು ಅಲ್ವಾ? ಅಡಗಿದ್ದು ಯಾಕೆ? ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಡಕಾರದ ಪ್ರಾಸ ತಪ್ಪಬಾರದು.

*

ಮೇಷ್ಟ್ರೇ, ನನ್ನ ಪೂರಣ:

ಕಡಲಿನ ನಡುವಿನ
ದಡದಲಿ ಬದುಕುತ
ನುಡಿಯುವ ಜೊತೆಯಿಲ್ಲದೆ ಕೊರಗಿ
ಬಿಡುಗಡೆ ಬಯಸಿಯು
ಹಿಡಿಯುವ ಹಗೆಗಳ
ಹಡಗನು ಕಂಡವನಡಗಿದನು

ಬಂದದ್ದು ಸ್ಪೇನಿನವರು. ಆಗ ಅವರಿಗೂ ಇಂಗ್ಲೆಂಡಿಗೂ ಯುದ್ಧ. ಸಿಕ್ಕಿದರೆ ಕೊಲ್ಲುತ್ತಾರೆ, ಇಲ್ಲಾ ಗಣಿಗೆ ದೂಡುತ್ತಾರೆ ಎಂದು ಹೆದರಿ ಮರ ಹತ್ತಿದ. ಅವರು ಅದೇ ಮರದ ಬುಡದಲ್ಲಿ ಮೂತ್ರ ಮಾಡಿ, ಪಕ್ಕದಲ್ಲೇ ಮೇಕೆಗಳನ್ನು ಕೊಂದು ಹೊರಟುಹೋದರು. ಯಾರೂ ಕತ್ತೆತ್ತಲಿಲ್ಲ.

*

ಅಣ್ಣಾ, ‘ನುಡಿಯುವ ಜೊತೆಯಿಲ್ಲದೆ’ ತುಂಬಾ ಹಿಡಿಸಿತು. ಅವನನ್ನು ಕರೆತಂದ ಕ್ಯಾಪ್ಟನ್ ವುಡ್ಸ್ ರೋಜರ್ಸ್ ಬರೆದಿದ್ದಾನಲ್ಲ, ಮಾತಾಡಿ ರೂಢಿ ತಪ್ಪಿ ಬಾಯಿಂದ ಅರ್ಧರ್ಧ ಪದವೇ ಬರುತ್ತಿತ್ತು ಎಂದು. ನಾನು ದ್ವೀಪದ ಮೊದಲ ದಿನ ಹಿಡಿದೆ. ಇಲ್ಲಿ ಅಡಗಿದ್ದು ಅಂದರೆ ಬಚ್ಚಿಟ್ಟುಕೊಂಡದ್ದಲ್ಲ, ಅವನ ಸಿಟ್ಟಿನ ಬಿಸಿ ಇಳಿದದ್ದು:

ಒಡೆಯನ ಜೊತೆಯಲಿ
ಕಡುಜಗಳಾಡಿದ
ದಡಕಿಳಿದವನೇ ಕೂಗಿದರೂ
ತಡೆಯದೆ ಸಾಗುವ
ಬಿಡಿಸಿದ ಹಾಯಿಯ
ಹಡಗನು ಕಂಡವನಡಗಿದನು

ಹಡಗಿಗೆ ಹುಳ ಹಿಡಿದಿದೆ, ಇದರಲ್ಲಿ ಬರೋದಿಲ್ಲ ಎಂದು ಕ್ಯಾಪ್ಟನ್ ಸ್ಟ್ರಾಡ್ಲಿಂಗ್ ಜೊತೆ ಜಗಳಾಡಿ ಇಳಿದ. ತಕ್ಷಣ ಮನಸ್ಸು ಬದಲಾಯಿತು, ಬೇಡಿಕೊಂಡ. ಸ್ಟ್ರಾಡ್ಲಿಂಗ್ ಕೇಳಲೇ ಇಲ್ಲ. ಆಮೇಲೆ ಆ ಹಡಗು ನಿಜವಾಗಿ ಮುಳುಗಿತು. ಬದುಕಿದವರು ಸ್ಪೇನಿನವರ ಸೆರೆ ಸೇರಿದರು.

*

ಎರಡೂ ಚೆನ್ನಾಗಿವೆ. ನನಗೆ ಎರಡನೆಯದು ಒಂದು ತೂಕ ಜಾಸ್ತಿ. ‘ಕೂಗಿದರೂ’ ಎಂದು ಮೂರನೇ ಸಾಲು ಎಳೆದು ನಿಲ್ಲುವಾಗ ಅವನ ದನಿಯೇ ಕೇಳುತ್ತದೆ. ಆದರೆ ಅವನ ಕೈಕೆಲಸ ಯಾರ ಪದ್ಯಕ್ಕೂ ಬರಲಿಲ್ಲ. ಮೊಳೆಯನ್ನೇ ಸೂಜಿ ಮಾಡಿ ಮೇಕೆ ಚರ್ಮ ಹೊಲಿದುಕೊಂಡ. ರಾತ್ರಿ ಇಲಿಗಳು ಪಾದ ಕಡಿಯುತ್ತಿದ್ದವು. ಬೆಕ್ಕುಗಳಿಗೆ ಮೇಕೆ ಮಾಂಸ ಹಾಕಿ ಪಳಗಿಸಿ, ಸುತ್ತ ಮಲಗಿಸಿಕೊಂಡ. ಇದರ ಮೇಲೆ ಯಾರಾದರೂ ಬರೆಯಲೇಬೇಕು.

*

ಮೇಷ್ಟ್ರೇ, ಮುಂದಿನ ಸಮಸ್ಯೆ ನಾನು ಕೊಡಲಾ? 1709ರಲ್ಲಿ ರೋಜರ್ಸ್ ಬಂದಾಗ ಸೆಲ್ಕರ್ಕ್ ರಾತ್ರಿ ದಡದಲ್ಲಿ ಬೆಂಕಿ ಹಾಕಿದ್ದ. ಹಡಗಿನವರು ಅದು ಶತ್ರುಗಳಾದ ಫ್ರೆಂಚರ ಹಡಗುಗಳ ದೀಪ ಎಂದುಕೊಂಡರು. ಹಾಗಾಗಿ, ‘ಬೆಂಕಿಯ ಕಂಡವರಂಜಿದರು’. ಅದೇ ಶರ ಷಟ್ಪದಿ. ಪ್ರಾಸಕ್ಕೆ ಶಂಕೆ, ಲಂಕೆ ಇವೆ.