ಎಕ್ಸ್‌ಪಿ ಓಡುವ ಹಳೆಯ ಡೆಸ್ಕ್‌ಟಾಪ್: ಏನು ಬದಲಿಸಬೇಕು, ಏನು ಬಿಡಬೇಕು?

ಪ್ರಶ್ನೆ: ನನ್ನ ಹತ್ತಿರ ಕೋರ್ 2 ಡ್ಯುಯೊ ಡೆಸ್ಕ್‌ಟಾಪ್ ಇದೆ. 1 ಜಿಬಿ ರ‍್ಯಾಮ್, 80 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಫಿಲ್ಮ್ ನೆಗೆಟಿವ್‌ಗಳ ಸ್ಕ್ಯಾನರ್ ಒಂದಿದೆ, ಅದರ ಡ್ರೈವರ್ ಎಕ್ಸ್‌ಪಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮಷಿನ್ ತುಂಬಾ ನಿಧಾನ, ಆಗಾಗ ತಾನೇ ರೀಸ್ಟಾರ್ಟ್ ಆಗುತ್ತದೆ. ರ‍್ಯಾಮ್, ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿದರೆ ಪ್ರಯೋಜನ ಇದೆಯಾ? ಅನುಭವ ಇರುವವರು ತಿಳಿಸಿ.

ಉತ್ತರ 1: ಖಂಡಿತ ಇದೆ. ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಈಗಿರುವ ಡಿಸ್ಕ್‌ನ ಇಮೇಜ್, ಅಂದರೆ ಯಥಾವತ್ ಪ್ರತಿ, ತೆಗೆದಿಟ್ಟುಕೊಳ್ಳಿ. ಬರೀ ಫೈಲುಗಳ ನಕಲು ಸಾಲದು, ಇಡೀ ಡಿಸ್ಕ್ ಬೇಕು. ಇದಕ್ಕೆ ಕ್ಲೋನ್‌ಝಿಲ್ಲಾ ಅನ್ನೋ ಸಾಫ್ಟ್‌ವೇರ್ ಇದೆ, ಉಚಿತ, ಪೆನ್‌ಡ್ರೈವ್ ಅಥವಾ ಸಿಡಿಯಿಂದ ಬೂಟ್ ಆಗುತ್ತದೆ. ಡಿಸ್ಕ್ ಆಗಲೇ ಟಿಕ್ ಟಿಕ್ ಅನ್ನುತ್ತಿದ್ದರೆ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಕೈ ಹಾಕುತ್ತದೆ. ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಮದರ್‌ಬೋರ್ಡ್ ಹೋದರೆ ಹಳೆಯದೊಂದು ಹುಡುಕಿ ತರಬಹುದು. ಸ್ಕ್ಯಾನರ್ ಕಂಪನಿಯವರು ಡ್ರೈವರ್ ಕೊಡುವುದನ್ನೇ ನಿಲ್ಲಿಸಿದ್ದರೆ, ಅದು ನಿಮ್ಮ ಆ ಡಿಸ್ಕ್ ಬಿಟ್ಟು ಬೇರೆಲ್ಲೂ ಸಿಗದೇ ಹೋಗಬಹುದು.

ತಾನೇ ರೀಸ್ಟಾರ್ಟ್ ಆಗುತ್ತದೆ ಅಂದ್ರಲ್ಲ, ಅದು ನನಗೆ ನಿಧಾನಕ್ಕಿಂತ ದೊಡ್ಡ ಚಿಂತೆ. ನನ್ನ ಮಷಿನ್ ಹಾಗೆ ಮಾಡಿದಾಗ ಎಲ್ಲರೂ ವೈರಸ್ ಅಂದರು. ಕ್ಯಾಬಿನೆಟ್ ತೆಗೆದು ನೋಡಿದರೆ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ (ಬೋರ್ಡ್ ಮೇಲಿನ ಪುಟ್ಟ ಡಬ್ಬಿಗಳಂಥ ಬಿಡಿಭಾಗ) ತಲೆ ಉಬ್ಬಿತ್ತು. 2000ರ ದಶಕದ ಬೋರ್ಡ್‌ಗಳಲ್ಲಿ ಈ ಕಾಯಿಲೆ ಜಾಸ್ತಿ. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿದ್ದರೆ ಅಥವಾ ಕಂದು ಬಣ್ಣದ್ದೇನೋ ಸೋರಿದ್ದರೆ, ಬೆಸುಗೆ ಗೊತ್ತಿರುವವರಿಂದ ಬದಲಾಯಿಸಿಕೊಳ್ಳಿ. ಪವರ್ ಸಪ್ಲೈ ಕೂಡ ಅದೇ ವಯಸ್ಸಿನದಾದರೆ ಹೊಸದು ಹಾಕಿ. ಹಾಗೇ ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ, ಪ್ರೊಸೆಸರ್ ಮೇಲೆ ಒಣಗಿದ ಥರ್ಮಲ್ ಪೇಸ್ಟ್ (ಶಾಖ ಸಾಗಿಸುವ ಲೇಪ) ಒರೆಸಿ ಹೊಸದು ಹಚ್ಚಿ. ಇದಾದ ಮೇಲೆ ವೇಗದ ಮಾತು.

ಉತ್ತರ 2: ರ‍್ಯಾಮ್ 2 ಜಿಬಿ ಮಾಡಿ, ಎಕ್ಸ್‌ಪಿಗೆ ಸಾಕು. 4 ಜಿಬಿ ಹಾಕಿದರೂ 32 ಬಿಟ್ ಎಕ್ಸ್‌ಪಿ ಸುಮಾರು 3ರಿಂದ 3.5 ಜಿಬಿ ಮಾತ್ರ ಬಳಸುತ್ತದೆ. ತರುವಾಗ ಹುಷಾರು: ರ‍್ಯಾಮ್ ತಲೆಮಾರುಗಳಾದ ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್, ಆದರೆ ಕಚ್ಚು ಇರುವ ಜಾಗ ಬೇರೆ. ಕೂರದಿದ್ದರೆ ಒತ್ತಬೇಡಿ.

ವೇಗ ನಿಜವಾಗಿ ಗೊತ್ತಾಗೋದು ಎಸ್‌ಎಸ್‌ಡಿಯಿಂದ. ಹಳೆಯ ಡಿಸ್ಕ್‌ಗೆ ಅಗಲ ರಿಬ್ಬನ್ ಕೇಬಲ್ ಇದ್ದರೆ ಅದು ಐಡಿಇ, ಹಳೆಯ ಬಗೆಯ ಜೋಡಣೆ. ಆದರೂ ನಿಮ್ಮ ಕಾಲದ ಬೋರ್ಡ್‌ನಲ್ಲಿ ಸಾಟಾ (ಐಡಿಇ ನಂತರ ಬಂದ ತೆಳು ಕೇಬಲ್‌ನ ಜೋಡಣೆ) ಪೋರ್ಟ್ ಸಾಮಾನ್ಯವಾಗಿ ಇರುತ್ತದೆ, ನೋಡಿ. ಬಯೋಸ್‌ನಲ್ಲಿ (ಮಷಿನ್ ಆನ್ ಆದಾಗ ಮೊದಲು ಬರುವ ಸೆಟಪ್) ಸಾಟಾ ಮೋಡ್ ಐಡಿಇ ಅಂತಲೇ ಇರಲಿ. ಇನ್ನೊಂದು ಮೋಡ್ ಆದ ಎಎಚ್‌ಸಿಐಗೆ ಬೇಕಾದ ಡ್ರೈವರ್ ಎಕ್ಸ್‌ಪಿಯಲ್ಲಿ ಇಲ್ಲ, ಸುಮ್ನೆ ಬದಲಿಸಿದರೆ ನೀಲಿ ಪರದೆ ಬಂದು ನಿಲ್ಲುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವುದಾದರೆ ಪಾರ್ಟಿಷನ್ (ಡಿಸ್ಕ್ ಭಾಗ ಮಾಡುವ) ಕೆಲಸವನ್ನು ಎಕ್ಸ್‌ಪಿಗೆ ಬಿಡಬೇಡಿ. ಅದು 63ನೇ ಸೆಕ್ಟರ್‌ನಿಂದ (ಸೆಕ್ಟರ್ ಅಂದರೆ ಡಿಸ್ಕ್‌ನ ಚಿಕ್ಕ ತುಂಡು) ಶುರು ಮಾಡುತ್ತದೆ. ಎಸ್‌ಎಸ್‌ಡಿಯ ಒಳಗಿನ ಪುಟಗಳಿಗೆ ಅದು ಹೊಂದುವುದಿಲ್ಲ, ಒಂದು ಪುಟಕ್ಕೆ ಬರೆಯುವಲ್ಲಿ ಎರಡನ್ನು ಮುಟ್ಟಬೇಕಾಗುತ್ತದೆ. ಜಿಪಾರ್ಟೆಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ 2048ನೇ ಸೆಕ್ಟರ್‌ನಿಂದ ಪಾರ್ಟಿಷನ್ ಮಾಡಿ, ಎಕ್ಸ್‌ಪಿಗೆ ಅದನ್ನೇ ತೋರಿಸಿ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಕೂಡ ಎಕ್ಸ್‌ಪಿಗೆ ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಜಾಗ ಪಾರ್ಟಿಷನ್ ಮಾಡದೆ ಖಾಲಿ ಬಿಡಿ. 137 ಜಿಬಿಗಿಂತ ದೊಡ್ಡ ಡಿಸ್ಕ್ ಆದರೆ ಸರ್ವಿಸ್ ಪ್ಯಾಕ್ 1 ಅಥವಾ ಅದರ ನಂತರದ್ದು ಬೇಕೇ ಬೇಕು.

ಉತ್ತರ 3: ದಯವಿಟ್ಟು ಇಂಟರ್ನೆಟ್ ಕೇಬಲ್ ತೆಗೆದಿಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ಅದರಲ್ಲಿ ಓಡುವ ಕೊನೆಯ ಆವೃತ್ತಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಸೈಟ್‌ಗಳ ಜೊತೆ ಸುರಕ್ಷಿತವಾಗಿ ಮಾತಾಡಲು ಬೇಕಾದ ಟಿಎಲ್ಎಸ್ 1.2 ಬರುವುದಿಲ್ಲ, ಹಾಗಾಗಿ ಈಗಿನ ಹೆಚ್ಚಿನ ಸೈಟ್‌ಗಳು ತೆರೆಯುವುದೂ ಇಲ್ಲ. ಸ್ಕ್ಯಾನ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿ. 4 ಜಿಬಿ ದಾಟುವ ಫೈಲ್ ಇದ್ದರೆ ಪೆನ್‌ಡ್ರೈವ್‌ಗೆ ಫ್ಯಾಟ್32 ಫಾರ್ಮ್ಯಾಟ್ ಆಗುವುದಿಲ್ಲ, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿಕೊಳ್ಳಿ.

ಉತ್ತರ 4: ನಾನು ಬೇರೆ ದಾರಿ ಹೇಳುತ್ತೇನೆ. ಸ್ಕ್ಯಾನರ್‌ಗೆ ನಿಜವಾಗಿಯೂ ಎಕ್ಸ್‌ಪಿನೇ ಬೇಕಾ? ಲಿನಕ್ಸ್‌ನ ಸೇನ್ ಯೋಜನೆಯವರು ಯಾವ ಸ್ಕ್ಯಾನರ್ ನಡೆಯುತ್ತದೆ ಅಂತ ಪಟ್ಟಿ ಇಟ್ಟಿದ್ದಾರೆ. ಕಂಪನಿ ಕೈಬಿಟ್ಟ ಎಷ್ಟೋ ಮಾಡೆಲ್ ಅದರಲ್ಲಿವೆ. ಇಲ್ಲದಿದ್ದರೆ ಹೊಸ ಕಂಪ್ಯೂಟರ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಎಕ್ಸ್‌ಪಿ ಓಡಿಸಿ. ಯುಎಸ್‌ಬಿ ಸ್ಕ್ಯಾನರ್ ಅನ್ನು ಒಳಗಿನ ಎಕ್ಸ್‌ಪಿಗೆ ಕೊಡಬಹುದು. ಯುಎಸ್‌ಬಿ ಬದಲು ಸ್ಕಸಿ ಅನ್ನೋ ಹಳೆಯ ಬಗೆಯ ಜೋಡಣೆ ಕಾರ್ಡ್‌ನಿಂದ ಓಡುವ ಸ್ಕ್ಯಾನರ್ ಆದರೆ ಈ ದಾರಿ ಬಿಡಿ, ಹಳೆಯ ಮಷಿನ್ನೇ ಸರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಸ್ಕ್ಯಾನರ್ ಯುಎಸ್‌ಬಿಯದೇ. ಇಮೇಜ್ ತೆಗೆದ ಮೇಲೆ ಅದನ್ನೇ ವರ್ಚುವಲ್‌ಬಾಕ್ಸ್‌ನಲ್ಲಿ ಬೂಟ್ ಮಾಡಬಹುದಾ?

ಉತ್ತರ 4: ನೇರವಾಗಿ ಆಗುವುದು ಕಷ್ಟ. ಎಕ್ಸ್‌ಪಿ ಹಳೆಯ ಬೋರ್ಡ್‌ನ ಡಿಸ್ಕ್ ಡ್ರೈವರ್‌ಗೆ ಅಂಟಿಕೊಂಡಿರುತ್ತದೆ, ಆಕ್ಟಿವೇಷನ್ (ಅಸಲಿ ಪ್ರತಿ ಅಂತ ಮೈಕ್ರೋಸಾಫ್ಟ್‌ಗೆ ಖಾತ್ರಿಪಡಿಸುವುದು) ಕೂಡ ಮತ್ತೆ ಕೇಳಬಹುದು. ಒಳಗೆ ಎಕ್ಸ್‌ಪಿ ಹೊಸದಾಗಿ ಹಾಕಿ, ಸ್ಕ್ಯಾನರ್‌ನ ಇನ್‌ಸ್ಟಾಲರ್ ಹಳೆಯ ಡಿಸ್ಕ್‌ನಲ್ಲಿ ಉಳಿದಿದೆಯಾ ಅಂತ ಹುಡುಕಿ.