ಬಾಣಂತಿ ಕೋಣೆಗೆ ಕೆಂಡ ಬೇಡ

ಪಲ್ಲವಿ, ನಿನ್ನ ಮೆಸೇಜ್ ಈಗ ನೋಡಿದೆ. ನೈರೋಬಿಯಲ್ಲಿ ಜುಲೈ ಚಳಿ, ರಾತ್ರಿ ಕರೆಂಟು ಹೋಗುತ್ತದೆ, ಕೆಲಸದಾಕೆ ಜಿಕೋ ಹಚ್ಚಿ ಮಗುವಿನ ಕೋಣೆಯಲ್ಲಿ ಇಡೋಣ ಅನ್ನುತ್ತಾಳೆ, ಹೊಗೆಯೇನೂ ಇಲ್ಲ, ಇಡಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಮಗಳೇ. ಮುಚ್ಚಿದ ಕೋಣೆಗೆ ಕೆಂಡ ತರಲೇಬೇಡ.

ಜಿಕೋ ಅಂದರೆ ನಮ್ಮ ಅಗ್ಗಿಷ್ಟಿಕೆಯೇ ಅಲ್ವಾ? ತಗಡಿನ ಮೈ, ಒಳಗೆ ಸುಟ್ಟ ಮಣ್ಣಿನ ಬಟ್ಟಲು. ಇದ್ದಿಲು ಕಡಿಮೆ ಸಾಕು, ನಿಜ. ಆದರೆ ಅದರಿಂದ ಏಳುವ ವಿಷ ಅದೇ.

1979ರಲ್ಲಿ ನಿಮ್ಮ ಸುರೇಶಣ್ಣ ಹುಟ್ಟಿ ಹನ್ನೊಂದು ದಿನ. ತೀರ್ಥಹಳ್ಳಿಯ ಆಷಾಢದ ಮಳೆ ಗೊತ್ತಲ್ಲ. ಬಾಣಂತಿಗೆ ಶೀತ ಆಗಬಾರದು ಅಂತ ಅಮ್ಮ ಕಿಟಕಿ ಸಂದಿಗೂ ಹಳೇ ಸೀರೆ ತುರುಕಿ, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಟ್ಟಳು. ಹೊಗೆ ಚೂರೂ ಇಲ್ಲ. ಕೆಂಡದ ಮೇಲೆ ತೆಳ್ಳಗೆ ಬೂದಿ. ನಡುರಾತ್ರಿ ತಲೆ ಸಿಡಿಯತೊಡಗಿತು. ಹಾಲಿಗೆ ಅಳಬೇಕಾದ ಮಗು ಅಳಲೇ ಇಲ್ಲ. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ತೆವಳಿದೆ, ಚಿಲಕ ಎಟುಕಲಿಲ್ಲ. ಹಿತ್ತಾಳೆ ಚೊಂಬು ಉರುಳಿಸಿದೆ. ಆ ಸದ್ದಿಗೆ ಅಮ್ಮ ಓಡಿ ಬಂದಳು. ಜಗಲಿಗೆ ತಂದು, ಮಳೆಯ ಇರಚಲು ಮುಖಕ್ಕೆ ಬಿದ್ದ ಮೇಲೆ ಮಗು ಅತ್ತಿತು. ಆ ಅಳು ಇನ್ನೂ ಕಿವಿಯಲ್ಲಿದೆ.

ಕಾರ್ಬನ್ ಮಾನಾಕ್ಸೈಡ್ ಅಂದರು ಡಾಕ್ಟರು. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಹೊಗೆ ನಿಂತ ಮೇಲೂ ಕೆಂಡದಿಂದ ಬರುತ್ತಲೇ ಇರುತ್ತದೆ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಕೋಣೆಗೆ ಕೆಂಡ ಬೇಡ.

ಅಡುಗೆಮನೆಯಲ್ಲಿ ದಿನಾ ಹೊಗೆ ಕುಡಿಯುವ ನಮ್ಮ ಹೆಂಗಸರ ಕಷ್ಟ ಯಾರು ಕೇಳಿದರು ಹೇಳು. ಜಗಲಿಗೆ ನಾಲ್ಕು ಕಿಟಕಿ, ಅಡುಗೆಮನೆಗೆ ಒಂದು ಗವಾಕ್ಷಿ! ಬೆಂಗಳೂರಿನ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಊರಿಗೆ ಬಂತು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ. ಹಾಕಿಸಿ ಅಂತ ಎಷ್ಟು ಬೇಡಿಕೊಂಡೆ. ಹೊಗೆ ಕುಡಿದ ತೊಲೆಗೆ ಹುಳ ಬೀಳಲ್ಲ, ಸುಮ್ನಿರು ಅಂದರು ಮನೆಯವರು. ತೊಲೆ ಉಳಿಯಿತು. ಅತ್ತೆಯ ಕೆಮ್ಮು ಕೊನೆವರೆಗೂ ಹೋಗಲಿಲ್ಲ. ಇವತ್ತಿಗೂ ಜಗತ್ತಿನಲ್ಲಿ 200 ಕೋಟಿಗೂ ಜಾಸ್ತಿ ಜನ ಇಂಥ ಹೊಗೆಯಲ್ಲೇ ಬೇಯಿಸುತ್ತಿದ್ದಾರಂತೆ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಬಿಸಿನೀರಿನ ಚೀಲದಿಂದ ಹಾಸಿಗೆ ಬೆಚ್ಚಗೆ ಮಾಡು, ಚೀಲ ತೆಗೆದು ಆಮೇಲೆ ಮಗು ಮಲಗಿಸು. ಎಚ್ಚರ ಇರುವಾಗ ಎದೆಗವಚಿಕೊಂಡು ಶಾಲು ಹೊದ್ದುಕೋ. ಜಿಕೋ ಅಂಗಳದಲ್ಲೇ ಇರಲಿ, ಆರುತ್ತಿರುವ ಕೆಂಡವನ್ನೂ ಒಳಗೆ ತರಬೇಡಿ. ತಲೆನೋವು, ವಾಕರಿಕೆ ಬಂದರೆ ಮಗು ಎತ್ತಿಕೊಂಡು ತಕ್ಷಣ ಹೊರಗೆ ಬಾ, ಅಲ್ಲಿಂದ ನೇರ ಆಸ್ಪತ್ರೆಗೆ. ಕೆಲಸದಾಕೆಗೂ ಹೇಳು, ಅವಳೂ ತನ್ನ ಕೋಣೆಯಲ್ಲಿ ಇಟ್ಟು ಮಲಗಬಾರದು. ಜಿಕೋ ಹೊರಗಿಟ್ಟ ಮೇಲೆ ಒಂದು ಮೆಸೇಜ್ ಹಾಕು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.